ವಾಹನ: ಪುಣ್ಯವೋ, ಮರೆಯೋ, ಹೊರೆಯೋ?

ಕೆಲವು ತಿಂಗಳ ಹಿಂದಿನ ಮಾತು. ಅಸ್ರ್ ನಮಾಝ್ ಮುಗಿದು ಜನರೆಲ್ಲ ಚದುರಿದ ಮೇಲೂ ನಮ್ಮ ಮಸೀದಿಯ ಜಗಲಿಯಲ್ಲಿ ಒಬ್ಬರು ಕುಳಿತೇ ಇದ್ದರು. ನನ್ನ ಬಾಲ್ಯದ ಗೆಳೆಯರು. ಸೌದಿ ಅರೇಬಿಯಾದಲ್ಲಿ ಇಪ್ಪತ್ತೆರಡು ವರ್ಷ ಹೌಸ್ ಡ್ರೈವರ್ ಆಗಿ ದುಡಿದು ಊರಿಗೆ ಮರಳಿದವರು. ಮುಖದಲ್ಲಿ ಬೇಸರ ಕಾಣುತ್ತಿತ್ತು. ಏನಾಯಿತೆಂದು ಕೇಳಿದೆ. ಅವರು ಮನಸ್ಸು ಬಿಚ್ಚಿದರು.

"ನಿಮಗೆ ಗೊತ್ತಲ್ಲ, ಇಪ್ಪತ್ತೆರಡು ವರ್ಷ ನಾನು ಇನ್ನೊಬ್ಬರ ಕಾರು ತೊಳೆದವನು. ಬೆಳಗಿನ ಜಾವ ಎದ್ದು ಧೂಳು ಒರೆಸಬೇಕು, ಅವರ ಮಕ್ಕಳನ್ನು ಶಾಲೆಗೆ ಬಿಡಬೇಕು, ಮನೆಯ ಹೆಂಗಸರನ್ನು ಮಾರುಕಟ್ಟೆಗೆ ಕರೆದೊಯ್ದು ಬಿಸಿಲಲ್ಲಿ ಕಾಯಬೇಕು. ಆಗೆಲ್ಲ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ. ಒಂದು ದಿನ ನನ್ನ ಮಗ ನನ್ನದೇ ಕಾರಿನಲ್ಲಿ ನನ್ನ ಅಂಗಳಕ್ಕೆ ಬರಬೇಕು. ಮನೆ ಕಟ್ಟುವಾಗಲೇ ಕಾರು ನಿಲ್ಲಲು ಜಾಗ ಬಿಟ್ಟು ಕಟ್ಟಿದೆ. ಈಗ ಅವನಿಗೆ ಬೆಂಗಳೂರಿನಲ್ಲಿ ಕೆಲಸವಾಗಿದೆ. ಹೆಣ್ಣು ನೋಡುತ್ತಿದ್ದೇವೆ. ಸ್ವಲ್ಪ ಹಣ ಕೈಯಲ್ಲಿದೆ, ಉಳಿದದ್ದಕ್ಕೆ ಸಾಲ ಮಾಡಿದರಾಯಿತು, ಒಂದು ಒಳ್ಳೆಯ ಕಾರು ತೆಗೆದುಕೊಡುತ್ತೇನೆ ಎಂದೆ. ಅವನು ನಕ್ಕುಬಿಟ್ಟ. 'ಕಾರು ಯಾಕೆ ಬಾಪಾ? ನನಗೆ ಬೇಡ. ನಾನು ಮೆಟ್ರೋದಲ್ಲಿ ಹೋಗುತ್ತೇನೆ. ಬೇಕಾದಾಗ ಬಾಡಿಗೆ ಕಾರು ಸಿಗುತ್ತದೆ. ಅದನ್ನು ನಿಲ್ಲಿಸಲಿಕ್ಕೂ ಅಲ್ಲಿ ಜಾಗವಿಲ್ಲ' ಎಂದ. ಲೈಸೆನ್ಸ್ ಕೂಡ ಮಾಡಿಸಿಕೊಂಡಿಲ್ಲ ನೋಡಿ, ಡ್ರೈವರನ ಮಗ!"

ಹೇಳುತ್ತಾ ಅವರ ಧ್ವನಿ ಭಾರವಾಯಿತು. ನಾನು ಆಗ ಏನೂ ಹೇಳಲಿಲ್ಲ. ಏಕೆಂದರೆ ತಂದೆಯ ನೋವೂ ಸುಳ್ಳಲ್ಲ, ಮಗನ ಮಾತೂ ತಪ್ಪಲ್ಲ. ಇಂದು ಇಂತಹ ಮಾತುಕತೆ ನಮ್ಮ ಅನೇಕ ಮನೆಗಳಲ್ಲಿ ನಡೆಯುತ್ತಿದೆ. ಆದ್ದರಿಂದ ಇದನ್ನು ಅಲ್ಲಾಹನ ಗ್ರಂಥ ಮತ್ತು ಪ್ರವಾದಿವರ್ಯರ(ಸ) ಚರ್ಯೆಯ ಬೆಳಕಿನಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಸೂಕ್ತವೆನಿಸುತ್ತದೆ.

ಬದಲಾದ ಕಾಲ

ನಮ್ಮ ಬಾಲ್ಯದಲ್ಲಿ ಕಾರೆಂದರೆ ಅಂಬಾಸಿಡರ್ ಇಲ್ಲವೇ ಫಿಯೆಟ್. ಊರಿಗೆ ಒಂದೋ ಎರಡೋ ಇರುತ್ತಿದ್ದವು. ಹಣವಿದ್ದರೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಮಧ್ಯಮ ವರ್ಗದ ಮನೆಗಳಿಗೂ ಕಾರಿನ ಕನಸು ಬಿತ್ತು. ಕರಾವಳಿಯ ನಮ್ಮ ಊರುಗಳಲ್ಲಿ ಗಲ್ಫ್‌ನ ದುಡಿಮೆ ಆ ಕನಸಿಗೆ ಬಲ ಕೊಟ್ಟಿತು. ಹೊಸ ಮನೆ, ಅದರ ಮುಂದೆ ಒಂದು ಕಾರು. ಗಲ್ಫ್‌ಗೆ ಹೋದವನು ಗೆದ್ದು ಬಂದಿದ್ದಾನೆ ಎಂಬುದಕ್ಕೆ ಇವೆರಡೇ ಸಾಕ್ಷಿ ಎಂಬಂತಾಯಿತು.

ಈಗ ಆ ತಲೆಮಾರಿನ ಮಕ್ಕಳಲ್ಲಿ ಅನೇಕರು ಬೇರೆಯೇ ರೀತಿ ಯೋಚಿಸುತ್ತಿದ್ದಾರೆ. ಇದು ನಮ್ಮ ಊರಿನ ಸಂಗತಿ ಮಾತ್ರವಲ್ಲ. ಕಾರುಗಳ ನಾಡೆಂದೇ ಹೆಸರಾದ ಅಮೆರಿಕದಲ್ಲಿ, ಮಿಶಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ಲೆಕ್ಕ ಹಾಕಿದಂತೆ, 1983ರಲ್ಲಿ ಹದಿನಾರು ವರ್ಷ ವಯಸ್ಸಿನವರಲ್ಲಿ ನೂರಕ್ಕೆ 46 ಮಂದಿ ಚಾಲನಾ ಪರವಾನಿಗೆ ಪಡೆದಿದ್ದರು. 2014ರ ಹೊತ್ತಿಗೆ ಅದು ಸುಮಾರು 24ಕ್ಕೆ ಇಳಿದಿತ್ತು. ದುಬೈಯಲ್ಲಿ 2009ರಲ್ಲಿ, ಬೆಂಗಳೂರಿನಲ್ಲಿ 2011ರಲ್ಲಿ ಮೆಟ್ರೋ ರೈಲು ಓಡತೊಡಗಿತು. ಫೋನಿನಲ್ಲಿ ಬೆರಳೊತ್ತಿದರೆ ಬಾಡಿಗೆ ಕಾರು ಮನೆ ಬಾಗಿಲಿಗೆ ಬರುತ್ತದೆ. ನಗರದ ದಟ್ಟಣೆಯಲ್ಲಿ ಸ್ಟಿಯರಿಂಗ್ ಹಿಡಿದು ಕೂರುವುದು ಈಗ ಸುಖವಲ್ಲ, ಶಿಕ್ಷೆ. ತಿಂಗಳ ಕಂತು, ವಿಮೆ, ಪೆಟ್ರೋಲು, ರಿಪೇರಿ ಇವುಗಳನ್ನು ಕೂಡಿಸಿದಾಗ ಇದು ಏತಕ್ಕೆ ಎಂಬ ಪ್ರಶ್ನೆ ಯುವಕರಿಗೆ ಬರುವುದು ಸಹಜ.

ಆದರೆ ಎಲ್ಲ ಯುವಕರೂ ಹೀಗಿಲ್ಲ. ಸಣ್ಣ ಪಟ್ಟಣಗಳಲ್ಲಿ ಹದಿನೆಂಟು ತುಂಬುವ ಮೊದಲೇ ಕೀಲಿಗಾಗಿ ಹಟ ಹಿಡಿಯುವ ಮಕ್ಕಳೂ ಇದ್ದಾರೆ. ಇನ್ನು, ಕಾರು ಎಲ್ಲರ ಮನೆಯ ವಿಷಯವೂ ಅಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಕಾರಿದ್ದುದು ನೂರರಲ್ಲಿ ಸುಮಾರು ಎಂಟು ಮನೆಗಳಲ್ಲಿ ಮಾತ್ರ. ಕಾರು ಬೇಕೋ ಬೇಡವೋ ಎಂದು ತಂದೆ ಮಗ ಚರ್ಚಿಸುವ ಸ್ಥಿತಿಯೇ ಅಲ್ಲಾಹನ ದೊಡ್ಡ ಅನುಗ್ರಹ ಎಂಬುದನ್ನು ನಾವು ಮೊದಲು ನೆನೆಯಬೇಕು.

ವಾಹನ ಒಂದು ಅನುಗ್ರಹ

ಪವಿತ್ರ ಕುರ್‌ಆನ್ ವಾಹನವನ್ನು ತುಚ್ಛವಾಗಿ ಕಾಣುವುದಿಲ್ಲ. ಅನ್ನಹ್ಲ್ ಅಧ್ಯಾಯದಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ಎಣಿಸುತ್ತಾ, ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಮನುಷ್ಯನ ಸವಾರಿಗಾಗಿಯೂ ಶೋಭೆಗಾಗಿಯೂ ಸೃಷ್ಟಿಸಿದ್ದಾಗಿ ಹೇಳುತ್ತಾನೆ. ನೀವು ಅರಿಯದ ಇನ್ನೂ ಎಷ್ಟನ್ನೋ ಅವನು ಸೃಷ್ಟಿಸುತ್ತಾನೆ ಎಂದೂ ಅಲ್ಲಿ ತಿಳಿಸಲಾಗಿದೆ (16: 8). ಅಂದಿನ ಅರಬರು ಅರಿಯದಿದ್ದ ಕಾರು, ರೈಲು, ವಿಮಾನಗಳನ್ನು ನಾವು ಇಂದು ಬಳಸುತ್ತಿದ್ದೇವೆ. ಹಾಗಾಗಿ ಕಾರು ಕೊಳ್ಳುವುದೇ ಆಡಂಬರ, ಕಾರಿನ ಆಸೆಯೇ ಪಾಪ ಎಂದು ಹೇಳುವವರು ಅಲ್ಲಾಹನು ತೆರೆದಿಟ್ಟ ಬಾಗಿಲನ್ನು ಮುಚ್ಚುತ್ತಿದ್ದಾರೆ. ಶೋಭೆಯೂ ಅವನ ಕೊಡುಗೆಯೇ.

ಅಝ್ಝುಖ್ರುಫ್ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಹಡಗು ಮತ್ತು ಪ್ರಾಣಿಗಳ ಬೆನ್ನ ಮೇಲೆ ನೆಲೆಯಾಗಿ ಕುಳಿತಾಗ ನಿಮ್ಮ ಪ್ರಭುವಿನ ಅನುಗ್ರಹವನ್ನು ನೆನೆಯಿರಿ ಎಂದು ಅಲ್ಲಿ ಆದೇಶವಿದೆ. ನಾವೆಲ್ಲ ಪ್ರಯಾಣದ ಆರಂಭದಲ್ಲಿ ಹೇಳುವ ದುಆ ಅಲ್ಲಿಂದಲೇ ಬಂದದ್ದು (43: 12-14). ಆ ದುಆದ ಅರ್ಥವನ್ನು ಎಷ್ಟು ಮಂದಿ ಯೋಚಿಸಿದ್ದೇವೆ? ಇದನ್ನು ವಶಪಡಿಸಿಕೊಳ್ಳುವ ಶಕ್ತಿ ನಮಗಿರಲಿಲ್ಲ, ಅವನು ಅಧೀನಗೊಳಿಸಿಕೊಟ್ಟ ಎಂಬ ವಿನಯ ಅದರ ಮೊದಲ ಭಾಗ. ನಾವು ಮರಳಬೇಕಾದದ್ದು ನಮ್ಮ ಪ್ರಭುವಿನ ಕಡೆಗೇ ಎಂಬ ಎಚ್ಚರ ಅದರ ಎರಡನೇ ಭಾಗ. ಎಲ್ಲಿಗೋ ಹೊರಟವನು ಬಾಗಿಲು ಹಾಕಿಕೊಳ್ಳುತ್ತಿರುವಾಗಲೇ ತನ್ನ ಕೊನೆಯ ಪ್ರಯಾಣವನ್ನು ನೆನೆಯುತ್ತಾನೆ. ಆ ಪ್ರಯಾಣಕ್ಕೆ ಯಾರ ಅಂಗಳದ ಕಾರೂ ಬರುವುದಿಲ್ಲ. ಅಂದು ಜನರ ಹೆಗಲ ಮೇಲೆಯೇ ಹೋಗಬೇಕು.

ಮೂರು ಬಗೆಯ ಒಡೆತನ

ಈ ವಿಷಯದಲ್ಲಿ ನಮಗೆ ದಾರಿ ತೋರುವ ಒಂದು ಹದೀಸ್ ಇದೆ. ಅಬೂ ಹುರೈರಾ(ರ) ವರದಿ ಮಾಡಿದ್ದು, ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಅದರ ಸಾರಾಂಶ ಹೀಗಿದೆ. ಕುದುರೆಯು ಮೂರು ಬಗೆಯ ಜನರಿಗೆ ಮೂರು ಬಗೆಯಾಗಿರುತ್ತದೆ. ಒಬ್ಬನಿಗೆ ಅದು ಪುಣ್ಯ, ಇನ್ನೊಬ್ಬನಿಗೆ ಮಾನ ಕಾಯುವ ಮರೆ, ಮತ್ತೊಬ್ಬನಿಗೆ ಪಾಪದ ಹೊರೆ.

ಅಲ್ಲಾಹನ ಮಾರ್ಗದಲ್ಲಿ ಉಪಯೋಗಿಸಲೆಂದು ಕುದುರೆ ಸಾಕಿದವನಿಗೆ ಅದು ಪುಣ್ಯ. ಅದು ಹುಲ್ಲುಗಾವಲಿನಲ್ಲಿ ಮೇದದ್ದು, ಹಗ್ಗ ಹರಿದುಕೊಂಡು ದಿಬ್ಬ ಏರಿದಾಗ ಮೂಡಿದ ಹೆಜ್ಜೆ, ಒಡೆಯ ಉದ್ದೇಶಿಸದೆಯೇ ಅದು ಹೊಳೆಯಲ್ಲಿ ಕುಡಿದ ನೀರು, ಎಲ್ಲವೂ ಅವನ ಲೆಕ್ಕದಲ್ಲಿ ಒಳಿತಾಗಿ ಬರೆಯಲ್ಪಡುತ್ತವೆ. ಇನ್ನೊಬ್ಬನಾದರೋ, ಪರರ ಮುಂದೆ ಕೈಚಾಚದೆ ಸ್ವಾಭಿಮಾನದಿಂದ ಬದುಕಲು ಕುದುರೆ ಇಟ್ಟುಕೊಂಡವನು. ಅದರ ಮೇಲೆ ಅಲ್ಲಾಹನಿಗಿರುವ ಹಕ್ಕನ್ನೂ ಅವನು ಮರೆಯುವುದಿಲ್ಲ. ಅವನಿಗೆ ಅದು ಮರೆ. ಜಂಭಕ್ಕಾಗಿ, ತೋರಿಕೆಗಾಗಿ, ವಿಶ್ವಾಸಿಗಳ ಮೇಲಿನ ಹಗೆಗಾಗಿ ಕಟ್ಟಿಕೊಂಡವನಿಗೆ ಅದು ಹೊರೆ.

ಗಮನಿಸಿ, ಮೂವರ ಕುದುರೆಯೂ ಕುದುರೆಯೇ. ಬಣ್ಣ, ಬೆಲೆ, ತಳಿಯ ಮಾತೇ ಅಲ್ಲಿಲ್ಲ. ಬದಲಾದದ್ದು ಕಟ್ಟಿದವನ ಉದ್ದೇಶ ಮತ್ತು ಅದರಲ್ಲಿ ಇತರರಿಗಿರುವ ಹಕ್ಕನ್ನು ಅವನು ನೆನಪಿಟ್ಟನೇ ಎಂಬುದು ಮಾತ್ರ.

ಆ ಹದೀಸಿನ ಕೊನೆಯ ಭಾಗ ಇನ್ನಷ್ಟು ಅರ್ಥಪೂರ್ಣವಾಗಿದೆ. ಹಾಗಾದರೆ ಕತ್ತೆಗಳ ವಿಚಾರವೇನು ಎಂದು ಜನರು ಕೇಳಿದರು. ಕುದುರೆ ಸಿರಿವಂತರ ವಾಹನ, ಕತ್ತೆ ಸಾಮಾನ್ಯರದು. ಅದರ ಬಗ್ಗೆ ಪ್ರತ್ಯೇಕವಾಗಿ ತನಗೆ ಏನೂ ಅವತೀರ್ಣವಾಗಿಲ್ಲ, ಆದರೆ ಎಲ್ಲವನ್ನೂ ಒಳಗೊಳ್ಳುವ ಒಂದು ಸೂಕ್ತವಿದೆ ಎಂದು ಪ್ರವಾದಿವರ್ಯರು(ಸ) ಅಝ್ಝಿಲ್‌ಝಾಲ್ ಅಧ್ಯಾಯದ ಕೊನೆಯ ಮಾತನ್ನು ನೆನಪಿಸಿದರು. ಅಣುವಿನಷ್ಟು ಒಳಿತು ಮಾಡಿದವನೂ ಅದನ್ನು ಕಾಣುವನು, ಅಣುವಿನಷ್ಟು ಕೆಡುಕು ಮಾಡಿದವನೂ ಅದನ್ನು ಕಾಣುವನು ಎಂಬುದು ಅದರ ಆಶಯ. ಕಾರು, ಬೈಕು, ಆಟೋ, ಬಾಡಿಗೆ ಟ್ಯಾಕ್ಸಿ, ನಾಳೆ ಬರಲಿರುವ ಇನ್ನಾವುದೇ ವಾಹನವಿರಲಿ, ಎಲ್ಲಕ್ಕೂ ಇದು ಅನ್ವಯಿಸುತ್ತದೆ.

ಹಂಚಿಕೊಳ್ಳುವ ಸುನ್ನತ್

ವಾಹನದ ಮೇಲೆ ಅಲ್ಲಾಹನ ಹಕ್ಕೆಂದರೇನು? ಅಬೂ ಸಈದ್ ಅಲ್ ಖುದ್ರಿ(ರ) ಒಂದು ಪ್ರಯಾಣದ ಘಟನೆಯನ್ನು ತಿಳಿಸಿದ್ದಾರೆ. ಒಬ್ಬನು ತನ್ನ ಸವಾರಿಯ ಮೇಲೆ ಬಂದು ಎಡಬಲ ನೋಡತೊಡಗಿದ. ಅವನಿಗೆ ಏನೋ ಕೊರತೆಯಿದೆಯೆಂದು ಪ್ರವಾದಿವರ್ಯರು(ಸ) ಅರಿತರು. ಯಾರ ಬಳಿ ಹೆಚ್ಚುವರಿ ಸವಾರಿಯಿದೆಯೋ ಅವರು ಇಲ್ಲದವನಿಗೆ ಕೊಡಲಿ, ಹೆಚ್ಚುವರಿ ಆಹಾರವಿದ್ದವರು ಇಲ್ಲದವನಿಗೆ ಕೊಡಲಿ ಎಂದರು. ಹೀಗೆ ಒಂದೊಂದೇ ವಸ್ತುವನ್ನು ಹೆಸರಿಸುತ್ತಾ ಹೋದಾಗ, ಹೆಚ್ಚುವರಿಯಾದ ಯಾವುದರ ಮೇಲೂ ನಮಗೆ ಹಕ್ಕಿಲ್ಲವೇನೋ ಎಂದು ನಮಗನಿಸಿತು ಎನ್ನುತ್ತಾರೆ ಅವರು (ಮುಸ್ಲಿಮ್).

ಐದು ಜನರ ಕಾರಿನಲ್ಲಿ ಒಬ್ಬನೇ ಕುಳಿತು ಹೋಗುವಾಗ ಉಳಿದ ನಾಲ್ಕು ಆಸನಗಳೂ ಹೆಚ್ಚುವರಿಯೇ ಅಲ್ಲವೇ? ದಾರಿಯಲ್ಲಿ ಬಸ್ಸಿಗಾಗಿ ಕಾಯುತ್ತಾ ನಿಂತ ವೃದ್ಧರು, ಪರೀಕ್ಷೆಗೆ ಹೊರಟ ನೆರೆಮನೆಯ ಮಗು, ಅರ್ಧ ರಾತ್ರಿಯಲ್ಲಿ ಹೆರಿಗೆ ನೋವು ಬಂದ ಆಚೆ ಓಣಿಯ ತಾಯಿ, ಇವರಿಗೆಲ್ಲ ಆ ಆಸನಗಳಲ್ಲಿ ಒಂದು ಪಾಲಿದೆ. ಆ ತಾಯಿ ಮುಸ್ಲಿಮಳೇ ಹಿಂದೂವೇ ಎಂದು ಕೇಳುವ ಹಕ್ಕು ನಮಗಿಲ್ಲ. ನೆರೆಹೊರೆಯವರ ಹಕ್ಕು ಎಲ್ಲ ನೆರೆಯವರಿಗೂ ಸೇರಿದ್ದು.

ಬದ್ರ್ ಯುದ್ಧಕ್ಕೆ ಹೊರಟ ದಿನ ವಾಹನಗಳು ಸಾಲದೆ ಮೂವರಿಗೆ ಒಂದು ಒಂಟೆ ಬಂತು. ಪ್ರವಾದಿವರ್ಯರು(ಸ), ಅಲೀ(ರ) ಮತ್ತು ಅಬೂ ಲುಬಾಬಾ(ರ) ಒಂದೇ ಒಂಟೆಯನ್ನು ಸರದಿಯಂತೆ ಹಂಚಿಕೊಂಡರು. ತಮ್ಮ ಸರದಿಯನ್ನೂ ಪ್ರವಾದಿವರ್ಯರಿಗೇ(ಸ) ಬಿಟ್ಟುಕೊಟ್ಟು ತಾವು ನಡೆಯುತ್ತೇವೆಂದು ಅವರಿಬ್ಬರೂ ಹೇಳಿದರು. ಆದರೆ, ನಡೆಯುವುದರಲ್ಲಿ ನೀವು ನನಗಿಂತ ಬಲಿಷ್ಠರೂ ಅಲ್ಲ, ಪುಣ್ಯದ ಅಗತ್ಯ ನನಗೆ ನಿಮಗಿಂತ ಕಡಿಮೆಯೂ ಇಲ್ಲ ಎಂಬ ಅರ್ಥದ ಉತ್ತರ ಕೊಟ್ಟು ಅವರು ತಮ್ಮ ಸರದಿಯಲ್ಲಿ ನಡೆದರು (ಅಹ್ಮದ್). ಇಂದು ಒಂದೇ ದಾರಿಯ ನಾಲ್ವರು ಯುವಕರು ಒಂದು ಕಾರಿನಲ್ಲಿ ಕೂಡಿ ಹೋಗುವುದನ್ನು, ಬಸ್ಸು ರೈಲುಗಳಲ್ಲಿ ಜನರ ನಡುವೆ ನಿಂತು ಹೋಗುವುದನ್ನು ಹಿರಿಯರಾದ ನಾವು ಕೀಳಾಗಿ ಕಾಣುವುದಾದರೆ ಈ ಘಟನೆಯನ್ನು ಮರೆತಿದ್ದೇವೆ ಎಂದೇ ಅರ್ಥ.

ತಂದೆಯರಿಗೆ ಎರಡು ಮಾತು

ಹಿರಿಯರೇ, ಮಗ ಕಾರು ಬೇಡವೆಂದಾಗ ನಮಗಾಗುವ ನೋವನ್ನು ಸ್ವಲ್ಪ ಬಿಡಿಸಿ ನೋಡೋಣ. ಅದರಲ್ಲಿ ಮಗನ ಸುಖದ ಚಿಂತೆ ಎಷ್ಟು, ಜನರು ಏನೆನ್ನುವರೋ ಎಂಬ ಚಿಂತೆ ಎಷ್ಟು? ಇದಕ್ಕೆ ಉತ್ತರ ಹೇಳಬೇಕಾದವರು ನಾವೇ. ಕಾರೂನನು ತನ್ನ ವೈಭವದೊಂದಿಗೆ ಜನರ ಮುಂದೆ ಮೆರವಣಿಗೆ ಹೊರಟಾಗ, ನಮಗೂ ಅವನಂತೆ ಇದ್ದಿದ್ದರೆ ಎಂದು ಬಯಸಿದವರಿದ್ದರು. ಅವನು ತನ್ನ ಮನೆಯೊಂದಿಗೆ ನೆಲದಲ್ಲಿ ಹೂತುಹೋದಾಗ ಅದೇ ಜನ ಅಲ್ಲಾಹನಿಗೆ ಕೃತಜ್ಞತೆ ಹೇಳಿದರು (28: 79-82). ನೋಡುವವರ ಕಣ್ಣು ಅಷ್ಟು ಬೇಗ ಬದಲಾಗುತ್ತದೆ. ಅಂತಹ ಕಣ್ಣುಗಳಿಗಾಗಿ ನಾವು ಸಾಲದ ಹೊರೆ ಹೊರಬೇಕೇ?

ಅದೂ ಬಡ್ಡಿಯ ಸಾಲ! ಹರಾಮ್ ಹಲಾಲ್ ನೋಡಿ ಉಣ್ಣುವ ಮನೆಗಳಲ್ಲೂ ಕಾರಿನ ಕಂತಿನಲ್ಲಿ ಸೇರಿರುವ ಬಡ್ಡಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಬಡ್ಡಿಯನ್ನು ಬಿಡದವರ ಮೇಲೆ ಅಲ್ಲಾಹ್ ಮತ್ತು ಅವನ ಸಂದೇಶವಾಹಕರ ಕಡೆಯಿಂದ ಯುದ್ಧ ಘೋಷಣೆಯಿದೆ ಎಂಬ ಎಚ್ಚರಿಕೆ ಅಲ್ ಬಕರ ಅಧ್ಯಾಯದಲ್ಲಿದೆ (2: 279). ಇನ್ನಾವ ವ್ಯವಹಾರದ ಬಗ್ಗೆಯೂ ಇಷ್ಟು ಕಠಿಣವಾದ ಮಾತು ನಮಗೆ ಕಾಣಸಿಗದು. ಹಿಂದಿನ ಸೀಟಿನಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು, ಕನ್ನಡಿಗೆ ದುಆದ ಫಲಕ ತೂಗುಹಾಕಿ, ಇಂತಹ ಹಣದ ವಾಹನದಲ್ಲಿ ಹೊರಟರೆ ಅದರಲ್ಲಿ ಬರಕತ್ ಎಲ್ಲಿಂದ ಬರಬೇಕು? ಕೈಯಲ್ಲಿರುವ ಹಣಕ್ಕೆ ಬರುವ ಹಳೆಯ ಕಾರು ಸಾಕು. ಅದೂ ಆಗದಿದ್ದರೆ ಬಸ್ಸು ಇದ್ದೇ ಇದೆ.

ಇದಕ್ಕಿಂತಲೂ ನೋವಿನ ವಿಷಯ ಇನ್ನೊಂದಿದೆ. ಅನೇಕ ಕಡೆ ಮದುವೆಯ ಮಾತುಕತೆಯಲ್ಲಿ ಕಾರು ಬರುತ್ತದೆ. ನಾವು ಕೇಳಲಿಲ್ಲ, ಅವರೇ ಕೊಟ್ಟರು ಎನ್ನುತ್ತಾರೆ. ಕೊಡದಿದ್ದರೆ ಸಂಬಂಧ ಕುದುರುತ್ತಿತ್ತೇ ಎಂದು ಕೇಳಿದರೆ ಉತ್ತರವಿಲ್ಲ. ಆ ಕಾರಿನ ಹಿಂದೆ ಹೆಣ್ಣು ಹೆತ್ತ ಒಬ್ಬ ತಂದೆ ಮಾರಿದ ತೋಟವಿದೆ, ಒಬ್ಬ ತಾಯಿ ಬಿಚ್ಚಿಕೊಟ್ಟ ಬಳೆಗಳಿವೆ. ಮಹ್ರ್ ಕೊಡಬೇಕಾದವನು ಗಂಡು. ಹೆಣ್ಣಿನ ಮಹ್ರನ್ನು ಮನಃಪೂರ್ವಕವಾಗಿ ಕೊಡಿರೆಂದು ಕುರ್‌ಆನ್ ಆದೇಶಿಸಿದೆ (4: 4). ಕೊಡುವ ಕೈಯನ್ನು ಪಡೆಯುವ ಕೈಯಾಗಿ ತಿರುಗಿಸಿದವರು ನಾವು. ದೇಶದ ಕಾನೂನಿನಲ್ಲೂ 1961ರಿಂದ ವರದಕ್ಷಿಣೆ ಕೊಡುವುದು, ಪಡೆಯುವುದು ಎರಡೂ ಅಪರಾಧ. ನಿಕಾಹ್ ಮುಗಿದು ಹಾಲ್‌ನಿಂದ ಹೊರಬರುವಾಗ ರಿಬ್ಬನ್ ಕಟ್ಟಿದ ಕಾರಿನ ಕೀಲಿಯನ್ನು ನಗುತ್ತಾ ಸ್ವೀಕರಿಸುವ ಮದುಮಗನಿಗಿಂತ, ತನಗೆ ಕಾರೇ ಬೇಡವೆನ್ನುವ ಯುವಕ ಸಾವಿರ ಪಾಲು ಮೇಲು. ಅಂತಹ ಮಗನನ್ನು ಪಡೆದ ತಂದೆ ಅಳಬೇಕಾಗಿಲ್ಲ, ಅಲ್‌ಹಮ್ದುಲಿಲ್ಲಾಹ್ ಎನ್ನಬೇಕು.

ಯುವಕರಿಗೆ ಎರಡು ಮಾತು

ಪ್ರಿಯ ಯುವ ಮಿತ್ರರೇ, ನಿಮ್ಮನ್ನು ಹೊಗಳಿ ಇಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಮಾತಾಗುತ್ತದೆ. ಕಾರು ಇಲ್ಲದಿರುವುದೇ ಭಕ್ತಿಯಲ್ಲ. ಕಾರನ್ನು ಬೇಡವೆಂದು ಉಳಿಸಿದ ಹಣ ದುಬಾರಿ ಫೋನಿಗೆ, ವಾರದ ಕೊನೆಯ ಮೋಜಿಗೆ ಹೋಗುವುದಾದರೆ ಆಡಂಬರ ಬಿಟ್ಟಂತಾಗಲಿಲ್ಲ. ಅದರ ರೂಪವನ್ನಷ್ಟೇ ಬದಲಿಸಿದಂತಾಯಿತು. ನಾನು ಸರಳ, ಹಿರಿಯರು ಹಳಬರು ಎಂಬ ಭಾವವೂ ಒಂದು ಬಗೆಯ ಜಂಭವೇ. ಕುದುರೆ ಏರಿ ಬರುವ ಜಂಭವನ್ನು ಜನ ಬೇಗ ಗುರುತಿಸುತ್ತಾರೆ. ಕಾಲ್ನಡಿಗೆಯಲ್ಲಿ ಬರುವ ಜಂಭವನ್ನು ನಾವೇ ಗುರುತಿಸಿಕೊಳ್ಳಬೇಕು.

ಇನ್ನೊಂದು ಮಾತು. ನೀವಿರುವ ನಗರದಲ್ಲಿ ಐದು ನಿಮಿಷಕ್ಕೊಂದು ರೈಲು ಬರಬಹುದು. ಆದರೆ ನಿಮ್ಮ ತಾಯಿ ತಂದೆಯಿರುವ ಹಳ್ಳಿಗೆ ಸಂಜೆಯ ಕೊನೆಯ ಬಸ್ಸು ಹೋದ ಮೇಲೆ ಮರುದಿನ ಬೆಳಿಗ್ಗೆಯೇ ಮುಂದಿನ ಬಸ್ಸು. ಉಮ್ಮನ ಮಂಡಿ ನೋವಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ. ರಾತ್ರಿ ಎದೆನೋವು ಬಂದರೆ ಯಾರ ಬಾಗಿಲು ತಟ್ಟಬೇಕು? ನಿಮಗೆ ಬೇಡವಾದ ವಾಹನ ಅವರಿಗೆ ಬೇಕಾಗಿರಬಹುದು. ಹದೀಸಿನಲ್ಲಿ ಬಂದ ಮರೆ ಎಂಬುದು ಇದೇ, ಇನ್ನೊಬ್ಬರ ಮುಂದೆ ಕೈಚಾಚದಂತೆ ಮಾನ ಕಾಯುವ ಸೌಕರ್ಯ. ಅಲ್ಲಾಹನ ಆರಾಧನೆಯ ಮಾತಿನ ಜೊತೆಯಲ್ಲೇ ತಾಯಿತಂದೆಯರ ಸೇವೆಯನ್ನು ಕುರ್‌ಆನ್ ಹೇಳಿದೆ. ಆದ್ದರಿಂದ ನಿಮ್ಮ ಅನುಕೂಲದ ಲೆಕ್ಕವನ್ನು ಅವರ ಮನೆಗೆ ಅನ್ವಯಿಸಬೇಡಿ.

ನಡೆಯುವವರಿಗೆ ಒಂದು ಶುಭವಾರ್ತೆಯೂ ಇದೆ. ಮದೀನಾದಲ್ಲಿ ಬನೂ ಸಲಿಮಾ ಬುಡಕಟ್ಟಿನವರ ಮನೆಗಳು ಮಸೀದಿಯಿಂದ ದೂರವಿದ್ದವು. ಹತ್ತಿರಕ್ಕೆ ಬಂದು ನೆಲೆಸಬೇಕೆಂದು ಅವರು ಬಯಸಿದರು. ನೀವು ಇದ್ದಲ್ಲಿಯೇ ಇರಿ, ನಿಮ್ಮ ಹೆಜ್ಜೆಗಳು ಬರೆಯಲ್ಪಡುತ್ತವೆ ಎಂಬ ಅರ್ಥದಲ್ಲಿ ಪ್ರವಾದಿವರ್ಯರು(ಸ) ಅವರಿಗೆ ತಿಳಿಸಿದರು (ಮುಸ್ಲಿಮ್). ಇನ್ನೂರು ಹೆಜ್ಜೆ ದೂರದ ಮಸೀದಿಗೆ ಬೈಕು ಹೊರಡಿಸುವ ನಾವು ಎಷ್ಟು ಬರಹವನ್ನು ಕಳೆದುಕೊಳ್ಳುತ್ತಿದ್ದೇವೆ!

ರಸ್ತೆಯಲ್ಲಿ ನಮ್ಮ ಈಮಾನ್

ವಾಹನ ನಮ್ಮದಿರಲಿ, ಬಾಡಿಗೆಯದಿರಲಿ, ಅದನ್ನು ಹೇಗೆ ಓಡಿಸುತ್ತೇವೆ ಎಂಬುದು ನಮ್ಮ ಧರ್ಮನಿಷ್ಠೆಯ ಪರೀಕ್ಷೆ. ದಾರಿಯಲ್ಲಿ ಕೂರುವವರಿಗೆ ಪ್ರವಾದಿವರ್ಯರು(ಸ) ದಾರಿಯ ಹಕ್ಕುಗಳನ್ನು ಹೇಳಿಕೊಟ್ಟರು. ದೃಷ್ಟಿ ತಗ್ಗಿಸುವುದು, ಇತರರಿಗೆ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಬೋಧಿಸಿ ಕೆಡುಕನ್ನು ತಡೆಯುವುದು (ಬುಖಾರಿ, ಮುಸ್ಲಿಮ್). ಸುಮ್ಮನೆ ಕೂತವನಿಗೇ ಇಷ್ಟು ಹೊಣೆಯಿದ್ದರೆ, ಟನ್ನಿನಷ್ಟು ತೂಕದ ಕಬ್ಬಿಣವನ್ನು ಜನರ ನಡುವೆ ಓಡಿಸುವವನಿಗೆ ಎಷ್ಟಿರಬೇಡ?

ಹಜ್ಜ್‌ನ ಸಂದರ್ಭದಲ್ಲಿ ಅರಫಾದಿಂದ ಹೊರಟಾಗ ಹಿಂದಿನಿಂದ ಜನರು ಒಂಟೆಗಳನ್ನು ಗದರಿಸಿ, ಹೊಡೆದು ಓಡಿಸುವ ಸದ್ದು ಪ್ರವಾದಿವರ್ಯರಿಗೆ(ಸ) ಕೇಳಿಸಿತು. ಅವರು ತಮ್ಮ ಚಾಟಿಯಿಂದ ಸನ್ನೆ ಮಾಡಿ, ಶಾಂತರಾಗಿರಿ, ವೇಗದಲ್ಲಿ ಪುಣ್ಯವಿಲ್ಲ ಎಂಬುದಾಗಿ ತಿಳಿಸಿದರೆಂದು ಇಬ್ನು ಅಬ್ಬಾಸ್(ರ) ವರದಿ ಮಾಡಿದ್ದಾರೆ (ಬುಖಾರಿ). ಹಜ್ಜ್‌ನಂತಹ ಶ್ರೇಷ್ಠ ಕರ್ಮದ ದಾರಿಯಲ್ಲೇ ಅವಸರ ಸಲ್ಲದಾದರೆ, ಮದುವೆ ಮನೆಗೋ ಆಫೀಸಿಗೋ ಹೊರಟವನಿಗೆ ಅದು ಸಲ್ಲುವುದೆಂತು?

ಕೇಂದ್ರ ಸರಕಾರದ ವರದಿಯಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಆ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚಿನವಕ್ಕೆ ಅತಿವೇಗ ಕಾರಣ. ಸತ್ತವರಲ್ಲಿ ಮೂರನೇ ಎರಡು ಭಾಗದಷ್ಟು ಮಂದಿ 18ರಿಂದ 45 ವರ್ಷದೊಳಗಿನವರು, ಅಂದರೆ ಮನೆಯ ಆಧಾರಸ್ತಂಭಗಳು. ಒಂದು ಜೀವವನ್ನು ಅನ್ಯಾಯವಾಗಿ ಕೊಂದವನು ಇಡೀ ಮನುಕುಲವನ್ನೇ ಕೊಂದಂತೆ ಎಂದು ಕುರ್‌ಆನ್ ಕಲಿಸಿದ ಸಮುದಾಯ ನಮ್ಮದು. ಉದ್ದೇಶವಿರಲಿಲ್ಲ, ವಿಧಿ ಎಂದು ಕೈ ತೊಳೆದುಕೊಳ್ಳುವ ಮುನ್ನ, ನಾವು ವೇಗಮಿತಿಯನ್ನು ಮೀರಿದ್ದೂ ವಿಧಿಯೇ ಎಂದು ಕೇಳಿಕೊಳ್ಳಬೇಕು.

ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಡುವ ತಂದೆಯರು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯನ್ನು ತಿಳಿದಿರಲಿ. ಬಾಲಕನು ಅಪರಾಧ ಎಸಗಿದರೆ ಪೋಷಕನಿಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಪರವಾನಿಗೆಯಿಲ್ಲ. ಪ್ರತಿಯೊಬ್ಬನೂ ತನ್ನ ಅಧೀನದವರ ಪಾಲಕ, ಅವರ ಬಗ್ಗೆ ಅವನನ್ನು ವಿಚಾರಿಸಲಾಗುವುದು ಎಂಬ ಪ್ರವಾದಿ ವಚನದ ಮುಂದೆ ಈ ದಂಡ ಬಲು ಸಣ್ಣದು.

ನಮ್ಮ ಮಸೀದಿಗಳ ಮುಂದಿನ ಶುಕ್ರವಾರದ ದೃಶ್ಯವನ್ನೂ ನೆನೆಯೋಣ. ಜುಮಾಕ್ಕೆ ತಡವಾಯಿತೆಂದು ಅಡ್ಡಾದಿಡ್ಡಿಯಾಗಿ ಕಾರು ಬೈಕು ನಿಲ್ಲಿಸಿ ಒಳಗೆ ಓಡುತ್ತೇವೆ. ಹೊರಗೆ ಬಸ್ಸು ನಿಂತಿದೆ, ಅಂಗಡಿಯವನ ಬಾಗಿಲು ಮುಚ್ಚಿದೆ, ಆಂಬುಲೆನ್ಸ್ ಕೂಗುತ್ತಿದೆ. ಒಂದು ದಂಡಯಾತ್ರೆಯಲ್ಲಿ ಜನರು ತಂಗುವ ಜಾಗವನ್ನು ಇಕ್ಕಟ್ಟು ಮಾಡಿ ದಾರಿಯನ್ನು ಅಡ್ಡಗಟ್ಟಿದಾಗ, ಹಾಗೆ ಮಾಡಿದವರಿಗೆ ಜಿಹಾದಿನ ಪುಣ್ಯವಿಲ್ಲವೆಂದು ಸಾರಲು ಪ್ರವಾದಿವರ್ಯರು(ಸ) ಒಬ್ಬ ಘೋಷಕನನ್ನು ಕಳುಹಿಸಿದರು (ಅಬೂದಾವೂದ್). ದಾರಿ ತಡೆದವನ ಜಿಹಾದಿಗೇ ಪುಣ್ಯವಿಲ್ಲದಿದ್ದರೆ, ದಾರಿ ತಡೆದು ನಿಲ್ಲಿಸಿದ ವಾಹನದಿಂದಿಳಿದು ಬಂದವನ ಜುಮಾ ಏನಾದೀತು ಎಂದು ನಾವು ಭಯಪಡಬೇಕು. ದಾರಿಯಿಂದ ತೊಡಕನ್ನು ತೆಗೆಯುವುದು ಈಮಾನಿನ ಒಂದು ಶಾಖೆ. ತೊಡಕಾಗಿ ನಿಲ್ಲುವುದು ಯಾವುದರ ಶಾಖೆ?

ಮತ್ತೆ ಆ ಜಗಲಿಗೆ

ಗೆಳೆಯರ ಮಗ ರಜೆಗೆ ಊರಿಗೆ ಬಂದಾಗ ನನ್ನನ್ನು ಕಾಣಲು ಬಂದಿದ್ದ. "ಕಾಕಾ, ಬಾಪಾ ನಿಮ್ಮ ಹತ್ತಿರ ದೂರು ಹೇಳಿದರಂತೆ" ಎಂದು ನಕ್ಕ. ನಾನು ಅವನಿಗೆ ತಂದೆಯ ಇಪ್ಪತ್ತೆರಡು ವರ್ಷಗಳ ಬಗ್ಗೆ ಹೇಳಿದೆ. ಬಿಸಿಲಿನಲ್ಲಿ ಕಾಯುತ್ತಿದ್ದುದನ್ನು, ಆ ಮಕ್ಕಳನ್ನು ಶಾಲೆಗೆ ಬಿಡುವಾಗ ಇವನ ಮುಖ ನೆನಪಾಗುತ್ತಿದ್ದುದನ್ನು. ಅವನ ನಗು ನಿಂತಿತು. "ಇದನ್ನು ಅವರು ನನಗೆ ಒಮ್ಮೆಯೂ ಹೇಳಿಲ್ಲ" ಎಂದಷ್ಟೇ ಹೇಳಿದ.

ಆಮೇಲೆ ಅವರಿಬ್ಬರೂ ಮಾತಾಡಿಕೊಂಡರು. ಸಾಲದ ವಿಚಾರ ಕೈಬಿಟ್ಟರು. ಕೈಯಲ್ಲಿದ್ದ ಹಣಕ್ಕೆ ಏಳು ವರ್ಷ ಹಳೆಯ ಒಂದು ಸಣ್ಣ ಕಾರು ಬಂತು. ಅದು ಊರಿನ ಮನೆಯಲ್ಲೇ ಇದೆ. ಉಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು, ನೆರೆಯವರ ಕಷ್ಟಕ್ಕೆ, ತಂದೆಯೇ ಓಡಿಸುತ್ತಾರೆ. ಮಗ ಬೆಂಗಳೂರಿನಲ್ಲಿ ಈಗಲೂ ಮೆಟ್ರೋದಲ್ಲೇ ಓಡಾಡುತ್ತಾನೆ. ಹೆಣ್ಣಿನ ಕಡೆಯಿಂದ ಒಂದು ಚಮಚವನ್ನೂ ತರಬಾರದೆಂದು ಅವನೇ ಮುಂದಾಗಿ ಹೇಳಿದ್ದಾನೆ. ಹೊರಡುವ ಮುನ್ನ ಅವನು ತಂದೆಗೆ, "ಮುಂದಿನ ರಜೆಯಲ್ಲಿ ನನಗೆ ಓಡಿಸಲು ಕಲಿಸಿ ಬಾಪಾ. ನಿಮಗೆ ವಯಸ್ಸಾದ ಮೇಲೆ ನಿಮ್ಮನ್ನು ಕೂರಿಸಿಕೊಂಡು ಹೋಗಲು ಬೇಕಲ್ಲ" ಎಂದನಂತೆ. ಇದನ್ನು ನನಗೆ ಹೇಳುವಾಗ ಗೆಳೆಯರ ಕಣ್ಣು ಒದ್ದೆಯಾಗಿತ್ತು.

ಪ್ರಿಯ ಸಹೋದರ ಸಹೋದರಿಯರೇ, ಅನುಗ್ರಹಗಳ ಬಗ್ಗೆ ಅಂದು ನಮ್ಮನ್ನು ಖಂಡಿತ ಪ್ರಶ್ನಿಸಲಾಗುವುದೆಂದು ಅತ್ತಕಾಸುರ್ ಅಧ್ಯಾಯ ಎಚ್ಚರಿಸುತ್ತದೆ. ನಿನ್ನ ಕಾರು ಯಾವ ಕಂಪೆನಿಯದು ಎಂಬ ಪ್ರಶ್ನೆ ಅಲ್ಲಿ ಬರಲಾರದು. ಯಾವ ಹಣದಿಂದ ಕೊಂಡೆ, ಯಾರಿಗಾಗಿ ಕೊಂಡೆ, ಅದರಲ್ಲಿ ಯಾರನ್ನು ಕೂರಿಸಿದೆ, ಯಾರ ದಾರಿಯನ್ನು ತಡೆದೆ ಎಂಬ ಪ್ರಶ್ನೆಗಳು ಬರಬಹುದು. ಕಾರಿಲ್ಲದವನಿಗೂ ಅವನ ಹೆಜ್ಜೆಗಳ ಲೆಕ್ಕವಿದೆ.

ಅಲ್ಲಾಹನೇ, ನೀನು ನಮಗೆ ಅಧೀನಗೊಳಿಸಿಕೊಟ್ಟ ವಾಹನಗಳನ್ನು ನಮಗೆ ಪುಣ್ಯವನ್ನಾಗಿ ಮಾಡು, ಮಾನ ಕಾಯುವ ಮರೆಯನ್ನಾಗಿ ಮಾಡು, ಹೊರೆಯನ್ನಾಗಿ ಮಾಡಬೇಡ. ದಾರಿಯಲ್ಲಿರುವ ನಮ್ಮ ಮಕ್ಕಳನ್ನು ಸುರಕ್ಷಿತವಾಗಿ ಮನೆಗೆ ತಲುಪಿಸು. ನಮ್ಮಿಂದ ಯಾರ ಮನೆಯ ದೀಪವೂ ಆರದಿರಲಿ. ನಿನ್ನ ಕಡೆಗೆ ಮರಳುವ ಆ ಕೊನೆಯ ಪ್ರಯಾಣವನ್ನು ನಮಗೆ ಸುಗಮಗೊಳಿಸು. ಆಮೀನ್.